ತೊಳೆದಷ್ಟೂ ತೀರದ ಅನುಮಾನ

ತಿಪಟೂರಿನ ಓದುಗರೊಬ್ಬರ ಪತ್ರದ ಸಾರ: ‘ನನ್ನ ಹೆಂಡತಿಗೆ ದಿನಕ್ಕೆ ಮೂರು ಗಂಟೆ ಸ್ನಾನ, ಕೈ ತೊಳೆಯುವುದರಲ್ಲೇ ಹೋಗುತ್ತದೆ. ಮಕ್ಕಳು ಸ್ಕೂಲಿಂದ ಬಂದರೆ ಬ್ಯಾಗು ಹೊರಗಿಟ್ಟು ನೇರ ಬಚ್ಚಲಿಗೆ ಹೋಗಬೇಕು. ಅತಿ ಮಡಿ ಅನ್ನುತ್ತಾರೆ ನಮ್ಮಮ್ಮ. ಬೈದರೂ ಕೇಳುವುದಿಲ್ಲ. ಇದು ಹಟವೋ, ಕಾಯಿಲೆಯೋ?’

ಸಂಪಾದಕರ ಉತ್ತರ: ಮೊದಲು ಬೈಯುವುದನ್ನು ಬಿಡಿ. ಇದು ಗೀಳು ಕಾಯಿಲೆ, ಅಂದರೆ ಓಸಿಡಿ ಇರುವ ಸಾಧ್ಯತೆ ಹೆಚ್ಚು. ಖಚಿತವಾಗಿ ಹೇಳಬೇಕಾದವರು ಮನೋವೈದ್ಯರು. ಮಡಿಯವರು ಮಿಂದು, ಮಡಿಬಟ್ಟೆ ಉಟ್ಟು ನೆಮ್ಮದಿಯಿಂದ ಅಡುಗೆಗೆ ಇಳಿಯುತ್ತಾರೆ. ಗೀಳಿನಲ್ಲಿ ಆ ನೆಮ್ಮದಿಯೇ ಸಿಗದು. ಸೋಪು ಹಚ್ಚಿ ತೊಳೆದಾಯಿತು; ನಲ್ಲಿ ನಿಲ್ಲಿಸಿದ ಕೈ ಮತ್ತೆ ಕೊಳೆಯಾಯಿತಲ್ಲ ಎಂದು ನಲ್ಲಿಗೂ ಸೋಪು, ಆಮೇಲೆ ಕೈಗೆ ಇನ್ನೊಮ್ಮೆ. ನಡುವೆ ಯಾರಾದರೂ ಮಾತಾಡಿಸಿದರೆ ಮೊದಲಿಂದ ಶುರು. ಇದು ಅತಿಯಾಯಿತೆಂದು ಹೆಚ್ಚಿನವರಿಗೆ ತಮಗೇ ಗೊತ್ತಿರುತ್ತದೆ, ಆದರೂ ನಿಲ್ಲಿಸಲಾಗದು. ಇಂಥ ಯೋಚನೆ, ವರ್ತನೆಗಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಸಮಯ ತಿಂದರೆ ಅಥವಾ ಮನೆಗೆಲಸ, ಸಂಬಂಧಗಳನ್ನು ಕೆಡಿಸಿದರೆ ವೈದ್ಯರು ಅದನ್ನು ಕಾಯಿಲೆಯೆಂದು ಪರಿಗಣಿಸುತ್ತಾರೆ.

ನಿಮ್ಮ ಪತ್ರದಲ್ಲಿ ನಮ್ಮನ್ನು ತಡೆದು ನಿಲ್ಲಿಸಿದ್ದು ಆ ಸ್ಕೂಲ್ ಬ್ಯಾಗು. ತೊಳೆದೊಡನೆ ದಿಗಿಲು ಸ್ವಲ್ಪ ಹೊತ್ತಿಗೆ ಇಳಿಯುತ್ತದೆ, ‘ತೊಳೆದಿದ್ದಕ್ಕೇ ಬಚಾವಾದೆ’ ಎಂದು ಮೆದುಳು ಕಲಿಯುತ್ತದೆ, ಮುಂದಿನ ಸಲ ದಿಗಿಲು ಇನ್ನೂ ಬೇಗ ಏಳುತ್ತದೆ. ಮಕ್ಕಳು ಬ್ಯಾಗು ಹೊರಗಿಟ್ಟಾಗ, ‘ಸರಿಯಾಗಿ ತೊಳೆದೆನಾ?’ ಎಂದದ್ದಕ್ಕೆ ನೀವು ಹತ್ತನೇ ಸಲ ‘ಹೂಂ’ ಅಂದಾಗ ಆಗುವುದೂ ಅದೇ. ಜಗಳ ಬೇಡವೆಂದು ಮಾಡುವ ಈ ಸಹಾಯ ಕಾಯಿಲೆಗೇ ಸಲ್ಲುತ್ತದೆ. ಹಾಗಂತ ನಾಳೆಯೇ ಬ್ಯಾಗು ಮಂಚದ ಮೇಲೆ ಎಸೆಯಬೇಡಿ, ಮನೆ ರಣರಂಗವಾದೀತು. ಒಂದೊಂದನ್ನೇ, ಹೆಂಡತಿಯ ಒಪ್ಪಿಗೆ ಪಡೆದು, ಚಿಕಿತ್ಸಕರ ಜತೆ ಮಾತಾಡಿ ಕಡಿಮೆ ಮಾಡಬೇಕು.

ಚಿಕಿತ್ಸೆಯ ಕ್ರಮವೂ ಹಾಗೆಯೇ. ದಿಗಿಲು ಹುಟ್ಟಿಸುವ ಸಂಗತಿಗಳಿಗೆ ಸೊನ್ನೆಯಿಂದ ನೂರರವರೆಗೆ ಅಂಕ ಕೊಟ್ಟು ಪಟ್ಟಿ ಮಾಡಿಸುತ್ತಾರೆ. ಬಾಗಿಲ ಚಿಲಕಕ್ಕೆ 30, ಸ್ಕೂಲ್ ಬ್ಯಾಗಿಗೆ 60, ಬಸ್ಸಿನ ಸೀಟಿಗೆ 90 ಎಂದಿಟ್ಟುಕೊಳ್ಳಿ. ಮೊದಲು ಚಿಲಕ ಮುಟ್ಟಿ, ತೊಳೆಯದೆ ಕೂರುವುದು. ದಿಗಿಲು ಏರುತ್ತದೆ, ತೊಳೆಯದಿದ್ದರೂ ಸಹಿಸಬಹುದೆಂಬುದು ಅನುಭವಕ್ಕೆ ಬರುತ್ತದೆ. ಪ್ರತಿದಿನ ಮಾಡಿದರಷ್ಟೇ ಫಲ. ಎಡವುವುದು ಎಲ್ಲಿ ಅಂದರೆ, ಮುಟ್ಟಿದ ಕೈಯನ್ನು ಗುಟ್ಟಾಗಿ ಸೆರಗಿಗೆ ಒರೆಸಿಕೊಳ್ಳುವುದರಲ್ಲಿ. ಅದೂ ತೊಳೆದ ಲೆಕ್ಕವೇ.

ಫ್ಲುಆಕ್ಸೆಟಿನ್, ಸರ್ಟ್ರಲಿನ್‌ನಂಥ ಮಾತ್ರೆಗಳು ಇದಕ್ಕೆ ಕೆಲಸ ಮಾಡುತ್ತವೆ. ಆದರೆ ಖಿನ್ನತೆಗೆ ಕೊಡುವುದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಾಗಬಹುದು, ಪೂರ್ಣ ಪರಿಣಾಮ ತಿಳಿಯಲು 8ರಿಂದ 12 ವಾರ ಹಿಡಿಯುತ್ತದೆ. ಮೊದಲ ವಾರಗಳಲ್ಲಿ ಹೊಟ್ಟೆ ತೊಳಸುವುದು, ನಿದ್ದೆ ಏರುಪೇರಾಗುವುದು ಇದ್ದದ್ದೇ. ಹಲವರು ಮಾತ್ರೆ ಬಿಡುವುದು ಇಲ್ಲೇ. ಕೆಲವು ನಿದ್ದೆಮಾತ್ರೆಗಳು ಚಟ ಹಿಡಿಸುತ್ತವೆ, ಇವು ಹಾಗಲ್ಲ. ಗುಣ ಕಂಡ ಮೇಲೂ ಒಂದೆರಡು ವರ್ಷ ಮುಂದುವರಿಸಿ, ವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸಬೇಕು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಓಸಿಡಿಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ಅಷ್ಟು ದೂರ ಈಗಲೇ ಆಗದಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಹೆಂಡತಿ ಬರಲು ಒಪ್ಪದಿದ್ದರೆ ನೀವೇ 14416ಕ್ಕೆ ಕರೆ ಮಾಡಿ. ಇದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ; ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಬಂದರೆ ಮಾತ್ರ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಉಳಿದಂತೆ ಮನೋವೈದ್ಯರಲ್ಲಿಗೆ ಹೋಗುವಾಗ ಒಂದು ವಾರದ ಟಿಪ್ಪಣಿ ಕೈಯಲ್ಲಿರಲಿ: ಯಾವುದಕ್ಕೆ, ಎಷ್ಟು ಹೊತ್ತು, ಮನೆಯವರು ಏನೇನು ಮಾಡಿಕೊಟ್ಟಿರಿ. ಅದನ್ನು ಹೆಂಡತಿಗೆ ತೋರಿಸಿಯೇ ಬರೆಯಿರಿ.