ಹತ್ತನೆಯ ಕಂತಿನಲ್ಲಿ ಏನಿದೆ

ಓದುಗರ ಪತ್ರ: ‘ಡೇರ್‌ಡೆವಿಲ್’ ಟಿವಿ ಸರಣಿಯ ಮೊದಲ ಸೀಸನ್ನಿನ 13 ಕಂತುಗಳಲ್ಲಿ 2, 8, 10 ಮತ್ತು 12 ನಿಮಗೆ ಅತ್ಯುತ್ತಮ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಾಯಕ ಕೆಂಪು ದಿರಿಸು ತೊಡುವುದೇ 13ರಲ್ಲಿ, ಅದನ್ನು ಬಿಟ್ಟಿದ್ದೀರಿ. 10ರಲ್ಲಿ ಇಬ್ಬರು ಗೆಳೆಯರು ಮನೆಯಲ್ಲಿ ಕೂತು ಜಗಳ ಆಡುತ್ತಾರೆ, ಹೊಡೆದಾಟವೇ ಇಲ್ಲ. ಸೂಪರ್‌ಹೀರೋ ಕಥೆಯಲ್ಲಿ ಅದು ಹೇಗೆ ಅತ್ಯುತ್ತಮ? ಇನ್ನೊಂದು ಪ್ರಶ್ನೆ: ಒಂಬತ್ತನೇ ಕ್ಲಾಸಿನ ಮಗನ ಜೊತೆ ಇದನ್ನು ನೋಡಬಹುದೆ?

ಸಂಪಾದಕರ ಉತ್ತರ:

ನಿಮ್ಮ ಪತ್ರ ಬಂದ ಮೇಲೆ 10ನೆಯ ಕಂತನ್ನು ಮತ್ತೊಮ್ಮೆ ಹಾಕಿ ನೋಡಿದೆ. ಹೊಡೆದಾಟ ಇಲ್ಲ ಅಂದಿರಿ. ಒಂದಿದೆ. ಆದರೆ ಅದು ಬರುವ ರೀತಿಯಿಂದಾಗಿ ನಿಮಗೆ ಅದು ಹೊಡೆದಾಟ ಅನ್ನಿಸಿಲ್ಲ. ಅದಕ್ಕೇ ಅಲ್ಲಿಂದಲೇ ಶುರು ಮಾಡುತ್ತೇನೆ.

ಹಿಂದಿನ ಕಂತಿನ ಕೊನೆಗೆ ಮುಖವಾಡದವನು ಮೈತುಂಬ ಗಾಯ ಮಾಡಿಕೊಂಡು ಬಂದು ತನ್ನ ಮನೆಯಲ್ಲೇ ಕುಸಿಯುತ್ತಾನೆ. ಮುಖವಾಡ ತೆಗೆದರೆ ಕೆಳಗಿರುವುದು ಕಥೆಯ ನಾಯಕ, ಅಂಧ ವಕೀಲ ಮ್ಯಾಟ್ ಮರ್ಡಾಕ್. ತೆಗೆದವನು ಫಾಗಿ ನೆಲ್ಸನ್. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದುವಾಗ ಒಂದೇ ರೂಮಿನಲ್ಲಿದ್ದವರು, ಈಗ ಒಂದೇ ಬೋರ್ಡಿನ ಕೆಳಗೆ ವಕೀಲಿಕೆ ಮಾಡುತ್ತಿರುವವರು. 10ನೆಯ ಕಂತು ಬಹುಪಾಲು ಈ ಇಬ್ಬರ ಲೆಕ್ಕ ಚುಕ್ತಾ. ನೀನು ನಿಜವಾಗಿಯೂ ಕುರುಡನೇ ಎಂದು ಫಾಗಿ ಕೇಳುತ್ತಾನೆ. ಎದುರಿಗಿರುವವರ ಎದೆಬಡಿತವೂ ಮ್ಯಾಟ್‌ಗೆ ಕೇಳಿಸುತ್ತದೆ, ಸುಳ್ಳು ಹೇಳಿದರೆ ಗೊತ್ತಾಗುತ್ತದೆ ಎಂದು ಆಮೇಲೆ ತಿಳಿಯುತ್ತದೆ. ಆಗ ಫಾಗಿಯ ಮುಖ ನೋಡಿ. ಇಷ್ಟು ವರ್ಷ ತಾನು ಹೇಳಿದ ಒಂದೊಂದು ಸಣ್ಣ ಸುಳ್ಳೂ ಗೆಳೆಯನಿಗೆ ಗೊತ್ತಿತ್ತು, ಗೆಳೆಯನ ದೊಡ್ಡ ಸುಳ್ಳು ಮಾತ್ರ ತನಗೆ ಗೊತ್ತಿರಲಿಲ್ಲ. ನಾಯಕನ ಅಪರೂಪದ ಶಕ್ತಿಯೇ ಗೆಳೆಯನಿಗೆ ಮಾಡಿದ ದ್ರೋಹವಾಗಿ ಕಾಣುತ್ತದೆ. ಸೂಪರ್‌ಹೀರೋ ಇಲ್ಲದಿದ್ದರೆ ಈ ಜಗಳವೇ ಹುಟ್ಟುತ್ತಿರಲಿಲ್ಲ. ಸೂಪರ್‌ಹೀರೋ ಕಥೆಯಲ್ಲಿ ಇದಕ್ಕೆ ಜಾಗ ಹೇಗೆ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ.

ಹೊಡೆದಾಟ ಬರುವುದು ಈ ಮಾತಿನ ನಡುವೆ. ಮ್ಯಾಟ್ ಹಿಂದೆ ನಡೆದದ್ದನ್ನು ಹೇಳುತ್ತಾನೆ: ರಾತ್ರಿ ಹೊತ್ತು ಹತ್ತಿರದ ಕಟ್ಟಡವೊಂದರಿಂದ ಪುಟ್ಟ ಹುಡುಗಿಯೊಬ್ಬಳ ಅಳು ಕೇಳಿಸುತ್ತಿತ್ತು, ಹಿಂಸಿಸುತ್ತಿದ್ದವನು ಅವಳ ಅಪ್ಪನೇ. ಮಕ್ಕಳ ರಕ್ಷಣೆಯವರಿಗೆ ತಿಳಿಸಿದರೂ ಕಾನೂನಿನಿಂದ ಏನೂ ಆಗಲಿಲ್ಲ. ಕೊನೆಗೆ ಮ್ಯಾಟ್ ಒಂದು ರಾತ್ರಿ ಮುಖ ಮುಚ್ಚಿಕೊಂಡು ಹೋಗಿ ರೈಲು ಯಾರ್ಡಿನಲ್ಲಿ ಆ ಮನುಷ್ಯನನ್ನು ಬಡಿದ. ಹೊರಗೆ ಕಾಲಿಟ್ಟ ಮೊದಲ ರಾತ್ರಿ ಅದು. ಈ ದೃಶ್ಯವನ್ನು 1ನೆಯ ಕಂತಿನ ಆರಂಭದಲ್ಲೇ ಇಟ್ಟಿದ್ದರೆ ನಾವೆಲ್ಲ ಚಪ್ಪಾಳೆ ತಟ್ಟುತ್ತಿದ್ದೆವು. ಇಲ್ಲಿ ಅದು ಗಾಯಗೊಂಡವನ ತಪ್ಪೊಪ್ಪಿಗೆ, ಕೇಳಿಸಿಕೊಳ್ಳುತ್ತಿರುವವನು ವಕೀಲ. ಕೈ ಚಪ್ಪಾಳೆಗೆ ಏಳುವುದಿಲ್ಲ. ಕಂತಿನ ಕೊನೆಗೆ ಫಾಗಿ ಇಬ್ಬರ ಹೆಸರಿದ್ದ ಆ ಬೋರ್ಡನ್ನು ಕಸದ ಬುಟ್ಟಿಗೆ ಹಾಕುತ್ತಾನೆ. ಇಡೀ ಸೀಸನ್ನಿನಲ್ಲಿ ನನಗೆ ಅತಿ ಜೋರಾಗಿ ಬಿದ್ದ ಪೆಟ್ಟು ಅದು.

2ನೆಯ ಕಂತಿನಲ್ಲಿ ಕಟ್ಟಡದೊಳಗಿನ ಓಣಿಯಲ್ಲಿ (ಕಾರಿಡಾರ್) ನಡೆಯುವ ಹೊಡೆದಾಟದ ಬಗ್ಗೆ ನಮ್ಮಿಬ್ಬರಿಗೂ ತಕರಾರಿಲ್ಲ ಅಂದುಕೊಂಡಿದ್ದೇನೆ. ಆದರೂ ಅದು ಏಕೆ ಚೆನ್ನ ಎಂಬುದನ್ನು ಹೇಳಲೇಬೇಕು. ಕಂತು ಶುರುವಾಗುವಾಗ ಮ್ಯಾಟ್ ಕಸದ ತೊಟ್ಟಿಯಲ್ಲಿ ಬಿದ್ದಿದ್ದಾನೆ. ಕ್ಲೇರ್ ಎಂಬ ನರ್ಸ್ ಅವನನ್ನು ಮನೆಯೊಳಗೆ ಎಳೆದು ತಂದು ಹೊಲಿಗೆ ಹಾಕುತ್ತಾಳೆ. ಅದೇ ರಾತ್ರಿ, ಅದೇ ಹೊಲಿಗೆಗಳ ಮೇಲೆ, ಅಪಹರಣವಾದ ಹುಡುಗನಿಗಾಗಿ ಅವನು ಆ ಓಣಿಗೆ ನುಗ್ಗುತ್ತಾನೆ. ಸುಮಾರು 3 ನಿಮಿಷ ಕತ್ತರಿ ಬಿದ್ದದ್ದು ಕಣ್ಣಿಗೆ ಕಾಣುವುದಿಲ್ಲ. ಕ್ಯಾಮೆರಾ ಓಣಿಯಲ್ಲೇ ನಿಂತಿರುತ್ತದೆ, ಹೊಡೆದಾಟ ಪಕ್ಕದ ಕೋಣೆಯೊಳಗೆ ಹೋದರೆ ನಮಗೆ ಸಿಗುವುದು ಸದ್ದು ಮಾತ್ರ. ಅಲ್ಲಿಂದ ಒಂದು ಮೈಕ್ರೋವೇವ್ ಹಾರಿ ಬರುತ್ತದೆ. ಬಿದ್ದವರು ಬಿದ್ದೇ ಇರುವುದಿಲ್ಲ, ಎದ್ದು ಬರುತ್ತಾರೆ. ಅವನೂ ಗೋಡೆಗೆ ಒರಗಿ ಉಸಿರು ಹುಡುಕುತ್ತಾನೆ, ಒಂದು ಏಟಿಗೂ ಇನ್ನೊಂದಕ್ಕೂ ನಡುವೆ ತೂರಾಡುತ್ತಾನೆ. ನಾಯಕನಿಗೆ ಸುಸ್ತಾಗುತ್ತದೆ ಎಂಬುದನ್ನು ಇಷ್ಟು ಪ್ರಾಮಾಣಿಕವಾಗಿ ತೋರಿಸಿದ ಹೊಡೆದಾಟವನ್ನು ನಾನು ಟಿವಿಯಲ್ಲಿ ಬೇರೆ ಕಂಡಿಲ್ಲ. ಕಂತಿನ ಇನ್ನೊಂದು ಎಳೆ ಅವನ ಅಪ್ಪನದು. ಬಾಕ್ಸರ್ ಜ್ಯಾಕ್ ಸೋಲಲು ದುಡ್ಡು ಒಪ್ಪಿಕೊಂಡು, ಮಗನ ಮುಖ ನೆನೆದು ಗೆಲ್ಲುತ್ತಾನೆ, ಅದಕ್ಕೆ ಜೀವ ತೆರುತ್ತಾನೆ. ಆ ಅಪ್ಪನ ಗಾಯಕ್ಕೆ ಚಿಕ್ಕ ಮಗ ನಡುಗುವ ಕೈಯಲ್ಲಿ ಹೊಲಿಗೆ ಹಾಕುವುದನ್ನು ನೋಡಿದ ಮೇಲೆ ಓಣಿಯ ದೃಶ್ಯ ಬೇರೆಯೇ ಆಗಿಬಿಡುತ್ತದೆ.

8ರ ಬಗ್ಗೆ ಚಿಕ್ಕದಾಗಿ. ಕಥೆಯ ಖಳ ವಿಲ್ಸನ್ ಫಿಸ್ಕ್ ಏಳುತ್ತಾನೆ, ಆಮ್ಲೆಟ್ ಮಾಡುತ್ತಾನೆ, ಕಪ್ಪು ಸೂಟು ತೆಗೆಯುತ್ತಾನೆ, ಅಪ್ಪನ ಕಫ್‌ಲಿಂಕ್ ಹಾಕಿಕೊಂಡು ಕನ್ನಡಿ ನೋಡಿದರೆ ರಕ್ತ ಸಿಡಿದ ಮುಖದ ಹುಡುಗ ಕಾಣುತ್ತಾನೆ. ಅಪ್ಪನನ್ನು ಸುತ್ತಿಗೆಯಿಂದ ಕೊಂದ ಹುಡುಗ. ಇದೇ ಬೆಳಗು ಮತ್ತೆ ಮತ್ತೆ ಬರುತ್ತದೆ. ಕೊನೆಯ ಸಲ ಅವನ ಪ್ರೇಯಸಿ ವನೆಸ್ಸಾ ಬೇರೆ ಸೂಟು, ಬೇರೆ ಕಫ್‌ಲಿಂಕ್ ಆರಿಸಿಕೊಡುತ್ತಾಳೆ, ಕನ್ನಡಿಯಲ್ಲಿ ಫಿಸ್ಕ್ ಮಾತ್ರ. ಖಳನ ಮೇಲೆ ಕರುಣೆ ಹುಟ್ಟುವ ಹೊತ್ತಿಗೇ ಅವನು ಇನ್ನೂ ಅಪಾಯಕಾರಿಯಾಗಿರುತ್ತಾನೆ. ಫಿಸ್ಕ್ ಪಾತ್ರ ಮಾಡಿದ ವಿನ್ಸೆಂಟ್ ಡೊನೊಫ್ರಿಯೊ ಇಲ್ಲದೆ ಇದು ಸಾಧ್ಯವಾಗುತ್ತಿರಲಿಲ್ಲ.

12ನ್ನು ನಾನು ಪಟ್ಟಿಗೆ ಸೇರಿಸಿದ್ದಕ್ಕೆ ನನ್ನ ಕಸುಬೂ ಕಾರಣ, ಮುಚ್ಚಿಡುವುದಿಲ್ಲ. ಬೆನ್ ಯೂರಿಕ್ ಹಳೆಯ ತಲೆಮಾರಿನ ವರದಿಗಾರ. ಹೆಂಡತಿ ಆಸ್ಪತ್ರೆಯಲ್ಲಿ, ಪತ್ರಿಕೆಗೆ ಅವನ ತನಿಖೆ ಬೇಕಿಲ್ಲ, ಕೊನೆಗೆ ಕೆಲಸವೂ ಹೋಗುತ್ತದೆ. ತಾನೇ ಬರೆದು ಪ್ರಕಟಿಸೋಣ ಎಂದು ಮನೆಗೆ ಬಂದು ಕೂತರೆ ಕತ್ತಲಲ್ಲಿ ಫಿಸ್ಕ್ ಕಾದಿದ್ದಾನೆ. ಮುಖವಾಡದವನು ಬಂದು ಕಾಪಾಡುವುದಿಲ್ಲ. ಬರೆಯಬೇಕಾದದ್ದು ಬರೆಯದೇ ಉಳಿಯುತ್ತದೆ. ಆ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಹತ್ತಲಿಲ್ಲ.

ಇನ್ನು ನಿಮ್ಮ 13. ದಾರಿಯಲ್ಲಿ ಪೆಟ್ಟು ತಿಂದು ಬಿದ್ದ ಅಪರಿಚಿತನಿಗೆ ನೆರವಾದ, ಬೈಬಲ್ಲಿನ ಒಳ್ಳೆಯ ಸಮರಿಟನ್ನನ ಕಥೆ ಹೇಳುತ್ತಾ, ಆ ಕಥೆಯಲ್ಲಿ ತಾನು ಯಾರೆಂದು ಫಿಸ್ಕ್ ಕಂಡುಕೊಳ್ಳುವ ಮಾತುಗಳು ಅದ್ಭುತ, ಒಪ್ಪುತ್ತೇನೆ. ಆದರೆ ಕೆಂಪು ದಿರಿಸು ಬಂದೊಡನೆ ಏಟು ತಾಗುವುದು ಕಡಿಮೆಯಾಗುತ್ತದೆ. ಅಷ್ಟು ದಿನ ಒಂದು ತುಂಡು ಕಪ್ಪು ಬಟ್ಟೆ ಕಟ್ಟಿಕೊಂಡು ಓಡಾಡಿದವನ ಬಗ್ಗೆ ನನಗಿದ್ದ ಭಯ, ರಕ್ಷಾಕವಚ ತೊಟ್ಟವನ ಬಗ್ಗೆ ಉಳಿಯಲಿಲ್ಲ.

ಪತ್ರದಲ್ಲಿ ನೀವು ಕೇಳದ ಒಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ಈ ಸೀಸನ್ 2015ರ ಏಪ್ರಿಲ್ 10ರಂದು ನೆಟ್‌ಫ್ಲಿಕ್ಸ್‌ನಲ್ಲಿ ಬಂದಾಗ ಅಂಧ ನಾಯಕನ ಈ ಕಥೆಯನ್ನು ಅಂಧರು ಅನುಸರಿಸಲು ಬೇಕಾದ, ತೆರೆಯ ಮೇಲೆ ನಡೆಯುವುದನ್ನು ಮಾತಿನಲ್ಲಿ ಹೇಳುವ ಧ್ವನಿ ವಿವರಣೆಯೇ ಇರಲಿಲ್ಲ. ಮಾತೇ ಇಲ್ಲದ ಓಣಿ ದೃಶ್ಯ ಅವರಿಗೆ ಬರೀ ಧಡ್ ಧಡ್ ಸದ್ದು. ಅವರು ದನಿ ಎತ್ತಿದರು. ನಾಲ್ಕೇ ದಿನಕ್ಕೆ, ಏಪ್ರಿಲ್ 14ರಂದು, ನೆಟ್‌ಫ್ಲಿಕ್ಸ್ ಧ್ವನಿ ವಿವರಣೆಯನ್ನು ಪ್ರಕಟಿಸಿತು, ಶುರು ಮಾಡಿದ್ದು ಇದೇ ಸರಣಿಯಿಂದ. ಆ ವಿವರಣೆ ಹಾಕಿಕೊಂಡು, ಕಣ್ಣು ಮುಚ್ಚಿ, 2ನೆಯ ಕಂತನ್ನು ಒಮ್ಮೆ ಕೇಳಿ.

ಮಗನ ವಿಷಯ. ಈಗಲೇ ಬೇಡ. 3ರಲ್ಲಿ ಬೇಲಿಯ ಸರಳು, 4ರಲ್ಲಿ ಕಾರಿನ ಬಾಗಿಲು, 8ರಲ್ಲಿ ಸುತ್ತಿಗೆ, ಇವು ಆ ವಯಸ್ಸಿಗೆ ತೀರಾ ಹೆಚ್ಚು. ನಾಲ್ಕೈದು ವರ್ಷ ತಡೆಯಿರಿ. ಆಗ ನನ್ನ ಪಟ್ಟಿ ಹಿಡಿದು ಹಾರಿ ಹಾರಿ ನೋಡದೆ 1ರಿಂದಲೇ ಶುರು ಮಾಡಿ, ಪಕ್ಕದಲ್ಲಿ ನೀವೂ ಕೂತಿರಿ. ಮೊದಲ ದೃಶ್ಯದಲ್ಲೇ ಬೀದಿಯಲ್ಲಿ ಬಿದ್ದ ಮಗನ ಕಡೆಗೆ ಅಪ್ಪನೊಬ್ಬ ಓಡಿ ಬರುತ್ತಾನೆ.