ಹೆದರಿಕೆ ಏನು ಹೇಳುತ್ತದೆ, ಮೊದಲು ಬರೆದಿಡು

ನಿನ್ನ ಪತ್ರ ಓದಿದೆ ತಮ್ಮಾ. ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ಎರಡು ತಿಂಗಳಾಯಿತು, ಕೆಲಸ ಇಷ್ಟವೇ, ಆದರೂ ಎದೆಯೊಳಗೆ ಯಾವಾಗಲೂ ಢವಢವ ಅಂತೀಯ. ಮೀಟಿಂಗ್‌ನಲ್ಲಿ ಬಾಯಿ ಬರುವುದಿಲ್ಲ. ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಕೆಳಗಿನ ಮನೆಯ ಅಜ್ಜಿ ಸಿಡುಕಿದ ದಿನದಿಂದ ಮೆಟ್ಟಿಲು ಇಳಿಯುವುದಕ್ಕೂ ಹಿಂಜರಿಕೆ. "ಅಕ್ಕಾ, ಎಲ್ಲರೂ ಪಾಸಿಟಿವ್ ಆಗಿರು ಅಂತಾರೆ. ಹೇಗೆ ಇರೋದು?" ಅಂತ ಕೇಳಿದ್ದೀಯ.

ಎಲ್ಲ ಸರಿಹೋಗುತ್ತೆ ಬಿಡು ಅಂತ ನಾನು ಸುಮ್ನೆ ಹೇಳಿಬಿಡುವುದಿಲ್ಲ. ಹೆದರಿಕೆಯನ್ನು ಹೊರಗೆ ದಬ್ಬುವ ಮೊದಲು ಅದರ ಮಾತನ್ನು ಒಮ್ಮೆ ಪೂರ್ತಿ ಕೇಳಿಸಿಕೋ. ಒಂದು ನೋಟ್‌ಬುಕ್ ಇಟ್ಟುಕೋ. ಎಷ್ಟು ಹೊತ್ತಿಗೆ ಬಂತು, ಆಗ ಏನು ಮಾಡುತ್ತಿದ್ದೆ, ಮನಸ್ಸು ಏನಂತು, ಇಷ್ಟು ಬರಿ. ಮನಸ್ಸಿನ ಮಾತನ್ನು ಅದು ಬಂದ ಹಾಗೆಯೇ, ಕನ್ನಡದಲ್ಲೇ ಬರಿ. "ಟೆನ್ಷನ್" ಅಂತ ಬರೆದು ಮುಚ್ಚಿಟ್ಟರೆ ಏನೂ ತಿಳಿಯುವುದಿಲ್ಲ. "ಕೆಲಸದಿಂದ ತೆಗೆದರೆ ಊರಲ್ಲಿ ಹೇಗೆ ಮುಖ ತೋರಿಸಲಿ" ಅಂತ ಬರೆದಾಗ ಅದರೊಳಗೆ ಎರಡು ಹೆದರಿಕೆ ಇರುವುದು ಕಾಣುತ್ತದೆ. ಒಂದು ಕೆಲಸದ್ದು, ಇನ್ನೊಂದು ಊರಿನವರದ್ದು. ಎರಡನ್ನೂ ಒಟ್ಟಿಗೆ ಹೊತ್ತುಕೊಂಡಿದ್ದೀಯ, ಅದಕ್ಕೇ ಅಷ್ಟು ಭಾರ.

ಅಜ್ಜಿಯ ವಿಷಯವನ್ನೇ ನೋಡೋಣ. ಬಾಗಿಲಿಗೆ ಯಾರೋ ಒಂದು ಬೋರ್ಡ್ ತೂಗುಹಾಕಿದ್ದರು, ಏನೆಂದು ತಿಳಿಯದೆ ಒಳಗೆ ತೆಗೆದಿಟ್ಟೆ, ಮರುವಾರ ಅಜ್ಜಿ ಜರ್ಮನ್‌ನಲ್ಲಿ ಜೋರು ಮಾಡಿದರು, "ನಾವು ಇಲ್ಲಿ ಯಾರಿಗೂ ಬೇಡ" ಅನ್ನಿಸಿತು ಅಂತ ಬರೆದಿದ್ದೀಯ. ಆ ಬೋರ್ಡ್ ಕೇರ್‌ವೋಖೆಯದು. ಸ್ಟುಟ್‌ಗಾರ್ಟ್ ಇರುವ ಈ ಶ್ವಾಬೆನ್ ಸೀಮೆಯ ಹಳೆಯ ಪದ್ಧತಿ. ಕಟ್ಟಡದ ಮೆಟ್ಟಿಲು, ಮುಂಬಾಗಿಲ ಜಾಗ ಗುಡಿಸಿ ಒರೆಸುವ ಪಾಳಿ ಮನೆಯಿಂದ ಮನೆಗೆ ತಿರುಗುತ್ತದೆ. ಬೋರ್ಡ್ ಯಾರ ಬಾಗಿಲಲ್ಲಿದೆಯೋ ಆ ವಾರ ಅವರದು. ಗುಡಿಸಿ ಮುಗಿಸಿದ ಮೇಲೆ ಮುಂದಿನ ಮನೆಯ ಬಾಗಿಲಿಗೆ ಹಾಕಬೇಕು. ಬಾಡಿಗೆ ಕರಾರಿನ ಜೊತೆ ಕೊಟ್ಟ ಮನೆ ನಿಯಮದ ಹಾಳೆಯಲ್ಲಿ ಬರೆದಿರುತ್ತದೆ, ತೆಗೆದು ನೋಡು. ನೀನು ಬೋರ್ಡ್ ಒಳಗಿಟ್ಟೆ, ಇಡೀ ಕಟ್ಟಡದ ಪಾಳಿ ನಿಂತುಹೋಯಿತು. ಅಜ್ಜಿ ಹೇಳಿದ್ದು ಮೆಟ್ಟಿಲು ಗುಡಿಸು ಅಂತ. ನಿನಗೆ ಕೇಳಿಸಿದ್ದು ದೇಶ ಬಿಟ್ಟು ಹೋಗು ಅಂತ. ಆ ಎರಡನೇ ಮಾತು ಬಂದಿದ್ದು ಅಜ್ಜಿಯ ಬಾಯಿಂದಲ್ಲ.

ಬಣ್ಣ ನೋಡಿ ಕೀಳಾಗಿ ಕಾಣುವವರು ಇಲ್ಲಿ ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದ್ದಾರೆ. ಅಂಥದ್ದಾದರೆ ಸಹಿಸಿಕೋ ಅಂತಲೂ ಹೇಳುವುದಿಲ್ಲ, ನನಗೆ ಫೋನ್ ಮಾಡು. ಆದರೆ ಕಂಡ ಸಿಡುಕು ಮುಖವನ್ನೆಲ್ಲ ಅದೇ ಲೆಕ್ಕಕ್ಕೆ ಹಾಕಬೇಡ. ಹಾಗೆ ಮಾಡಿದರೆ ನಿಜವಾದ ಅನ್ಯಾಯ ಯಾವುದು ಅಂತ ಗುರುತಿಸುವುದೂ ಕಷ್ಟವಾಗುತ್ತದೆ.

ಕೆಲಸದ ಹೆದರಿಕೆಯಲ್ಲಿ ಸ್ವಲ್ಪ ನಿಜ ಇದೆ. ಪ್ರೊಬೇಷನ್ ಇಲ್ಲಿ ಸಾಮಾನ್ಯವಾಗಿ 6 ತಿಂಗಳು. ಅಷ್ಟರೊಳಗೆ 2 ವಾರದ ನೋಟಿಸ್ ಕೊಟ್ಟು ತೆಗೆಯಬಹುದು. ಆದರೆ "ಕೆಲಸ ಹೋದ ಮರುದಿನವೇ ವಿಮಾನ ಹತ್ತಿಸ್ತಾರೆ" ಅಂತ ಬರೆದಿದ್ದೀಯಲ್ಲ, ಅದು ನಿಜವಲ್ಲ. ನಿನ್ನದು ಬ್ಲೂ ಕಾರ್ಡ್, ಅಂದರೆ ಓದಿದ ಹೊರದೇಶದ ನೌಕರರಿಗೆ ಇಲ್ಲಿ ಇದ್ದು ಕೆಲಸ ಮಾಡಲು ಕೊಡುವ ಪರವಾನಗಿ. ವೀಸಾ ಕಚೇರಿಗೆ ತಡಮಾಡದೆ ತಿಳಿಸಬೇಕು, ಇನ್ನೊಂದು ಕೆಲಸ ಹುಡುಕಲು ಸಾಮಾನ್ಯವಾಗಿ 3 ತಿಂಗಳು ಸಮಯ ಇರುತ್ತದೆ. 6 ತಿಂಗಳು ದಾಟಿದ ಮೇಲೆ ನಿಮ್ಮಂಥ ದೊಡ್ಡ ಕಂಪನಿ ಕಾನೂನು ಒಪ್ಪುವ ಕಾರಣವಿಲ್ಲದೆ ಯಾರನ್ನೂ ತೆಗೆಯುವಂತಿಲ್ಲ. 27 ತಿಂಗಳಾದರೆ ಕಾಯಂ ಆಗಿ ಇರಲು ಅರ್ಜಿ ಹಾಕಬಹುದು. ಜರ್ಮನ್ ಭಾಷೆಯ ಬಿ1, ಅಂದರೆ ಮಧ್ಯಮ ಹಂತದ ಪರೀಕ್ಷೆ ಪಾಸಾದರೆ 21 ತಿಂಗಳಿಗೇ. ಇದನ್ನೆಲ್ಲ ನೋಟ್‌ಬುಕ್‌ನಲ್ಲಿ ಆ ಹೆದರಿಕೆಯ ಮಾತಿನ ಎದುರಿಗೇ ಬರಿ. ನಾನು ಪಾಸಿಟಿವ್ ಅನ್ನುವುದು ಇದಕ್ಕೇ. ಹೆದರಿಕೆ ಬಂದಾಗ ಇದನ್ನೂ ಓದು, ಅದನ್ನೂ ಓದು. ಆಮೇಲೆ ಯಾವುದರ ಪ್ರಕಾರ ನಡೆಯಬೇಕು ಅಂತ ನೀನೇ ಆರಿಸು.

ಮ್ಯಾನೇಜರ್ ಒಂದು ಒಳ್ಳೆ ಮಾತೂ ಆಡುವುದಿಲ್ಲ ಅಂತೀಯ. ಬೈಯದಿದ್ದರೆ ಅದೇ ಹೊಗಳಿಕೆ ಅಂತ ಈ ಕಡೆಯವರು ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುತ್ತಾರೆ. ಅವರ ಮೌನಕ್ಕೆ ನೀನೇ ಅರ್ಥ ಕಟ್ಟಿ ಕೊರಗುವುದು ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗೆ. ಮೂರನೇ ತಿಂಗಳಲ್ಲಿ ನೀನೇ ಅರ್ಧ ಗಂಟೆ ಸಮಯ ಕೇಳು. "ಏನು ಚೆನ್ನಾಗಿದೆ, ಎಲ್ಲಿ ಸುಧಾರಿಸಬೇಕು" ಅಂತ ನೇರವಾಗಿ ಕೇಳು. ಇಲ್ಲಿ ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಉತ್ತರವೂ ನೇರವಾಗೇ ಬರುತ್ತದೆ.

ಇನ್ನು ರಾತ್ರಿಯ ಮಾತು. ಇಲ್ಲಿ ಎರಡು ಗಂಟೆ ಅಂದರೆ ಈ ಚಳಿಗಾಲದಲ್ಲಿ ಊರಲ್ಲಿ ಆರೂವರೆ. ಮನೆಯ ವಾಟ್ಸಾಪ್ ಗ್ರೂಪ್‌ನಲ್ಲಿ ಗುಡ್ ಮಾರ್ನಿಂಗ್ ಶುರುವಾಗುವ ಹೊತ್ತು. ಫೋನ್ ತಲೆದಿಂಬಿನ ಪಕ್ಕ ಇದೆ ಅಲ್ವಾ? ಅದು ಗುಂಯ್ ಅಂದಾಗ ನಿನ್ನ ಮೊದಲ ಯೋಚನೆ ಏನು ಅಂತ ಗಮನಿಸು. ನನಗೆ ಗೊತ್ತು, ಯಾಕೆಂದರೆ ನನಗೂ ಅದೇ. "ಅಪ್ಪನಿಗೆ ಏನೋ ಆಗಿದೆ." ಇಲ್ಲಿ ನೆಲೆಸಿ ಇಷ್ಟು ವರ್ಷವಾದರೂ ಈ ಹೆದರಿಕೆ ಹೋಗಿಲ್ಲ, ಹೋಗಲಿ ಅಂತ ನಾನು ಬಯಸುವುದೂ ಇಲ್ಲ. ಅದು ಪ್ರೀತಿಯ ಒಂದು ಭಾಗ. ಆದರೆ ಅದು ಕೇಳುವ ಪ್ರಶ್ನೆಗೆ ಉತ್ತರ ಸಿದ್ಧ ಮಾಡಿಟ್ಟಿದ್ದೇನೆ. ಪಕ್ಕದ ಮನೆಯವರ ನಂಬರ್, ಅಪ್ಪನ ಡಾಕ್ಟರ್ ನಂಬರ್, ಆಸ್ಪತ್ರೆಗೆ ಕರೆದೊಯ್ಯುವ ಆಟೋದವರ ನಂಬರ್ ಫೋನಿನಲ್ಲಿವೆ. ಟಿಕೆಟ್ ದುಡ್ಡು ಬೇರೆ ಖಾತೆಯಲ್ಲಿದೆ, ಅದನ್ನು ಮುಟ್ಟುವುದಿಲ್ಲ. ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ನೇರ ವಿಮಾನ ಇದೆ, ಸುಮಾರು ಒಂಬತ್ತು ಗಂಟೆಯ ದಾರಿ. ರಾತ್ರಿ ಮನೆಯವರ ಕರೆ ಮಾತ್ರ ಸದ್ದು ಮಾಡುವ ಹಾಗೆ ಫೋನ್ ಸೆಟ್ ಮಾಡು. ಗ್ರೂಪ್‌ನ ಹೂವಿನ ಚಿತ್ರಗಳು ಬೆಳಗ್ಗೆ ನೋಡಿದರೂ ಬಾಡಿರುವುದಿಲ್ಲ.

ಕತ್ತಲೆಯೂ ಲೆಕ್ಕಕ್ಕೆ ಬರುತ್ತದೆ. ಡಿಸೆಂಬರ್‌ನಲ್ಲಿ ಇಲ್ಲಿ ಸೂರ್ಯ ಹುಟ್ಟುವಾಗ ಸುಮಾರು ಎಂಟು ಗಂಟೆಯಾಗಿರುತ್ತದೆ, ನಾಲ್ಕೂವರೆ ಹೊತ್ತಿಗೆ ಮುಳುಗುತ್ತದೆ. ಊರಿನ ಬಿಸಿಲಲ್ಲಿ ಬೆಳೆದ ಮೈಗೆ ಇದು ಸಣ್ಣ ವಿಷಯವಲ್ಲ. ಮಧ್ಯಾಹ್ನ ಊಟವಾದ ಮೇಲೆ ಅರ್ಧ ಗಂಟೆ ಹೊರಗೆ ನಡಿ, ಮೋಡ ಇದ್ದರೂ ನಡಿ. "ವಾಪಸ್ ಹೋಗಿಬಿಡಲಾ" ಅನ್ನುವ ಪ್ರಶ್ನೆಯನ್ನು ಚಳಿಗಾಲದ ಸಂಜೆ ತೀರ್ಮಾನ ಮಾಡಬೇಡ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ. ಆಗ ಕೇಳಿಕೋ. ಆಗಲೂ ಹೋಗಬೇಕು ಅನ್ನಿಸಿದರೆ ಹೋಗು, ಅದು ಸೋಲಲ್ಲ.

ಇಷ್ಟೆಲ್ಲ ಮಾಡಿಯೂ ಒಂದೆರಡು ವಾರ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ನೋಟ್‌ಬುಕ್ ಸಾಲದು. ಮನೆ ಹತ್ತಿರದ ಡಾಕ್ಟರ್ ಬಳಿ ಹೋಗು, ಆ ನೋಟ್‌ಬುಕ್ಕನ್ನೂ ತೆಗೆದುಕೊಂಡು ಹೋಗು, ಹೇಳಲು ಸುಲಭವಾಗುತ್ತದೆ. ಮಾನಸಿಕ ತಜ್ಞರ ಜೊತೆ ಮೊದಲ ಮಾತುಕತೆಗೆ 116117 ಅನ್ನುವ ವೈದ್ಯಕೀಯ ಸಹಾಯವಾಣಿಯವರು ಸಮಯ ಗೊತ್ತು ಮಾಡಿಕೊಡುತ್ತಾರೆ. ಚಿಕಿತ್ಸೆ ಬೇಕಾದರೆ ಸರ್ಕಾರಿ ಪದ್ಧತಿಯ ಆರೋಗ್ಯ ವಿಮೆಯೇ ಖರ್ಚು ಕೊಡುತ್ತದೆ, ಆದರೆ ಜಾಸ್ತಿ ಕಾಯಬೇಕಾಗಬಹುದು, ಅದಕ್ಕೇ ಬೇಗ ಕೇಳು. ಆಫೀಸಿಗೆ ಗೊತ್ತಾಗುತ್ತದೆ ಅಂತ ಹಿಂಜರಿಯಬೇಡ. ನಿನ್ನ ಒಪ್ಪಿಗೆ ಇಲ್ಲದೆ ಡಾಕ್ಟರ್ ಕಂಪನಿಗೆ ಏನೂ ಹೇಳುವಂತಿಲ್ಲ. ರಜೆ ಬರೆದುಕೊಟ್ಟರೂ ಕಾಯಿಲೆ ಏನು ಅಂತ ಕಂಪನಿಗೆ ತಿಳಿಯುವುದಿಲ್ಲ.