ಮೊಣಕಾಲಿಗೆ ‘ಕರೆಂಟ್’ ಕೊಟ್ಟರೆ ಸವೆದದ್ದು ಬೆಳೆಯುತ್ತದೆಯೇ?

ಪ್ರಶ್ನೆ: ನಮ್ಮವ್ವಗೆ 58 ವರ್ಷ. ಆಳಂದ ತಾಲೂಕಿನ ನಮ್ಮ ಹೊಲದಾಗ ತೊಗರಿ ಕಳೆ ಕಿತ್ತು ಕಿತ್ತು ಎರಡೂ ಮೊಣಕಾಲು ಹೋಗ್ಯಾವ. ಎಕ್ಸ್‌ರೇ ನೋಡಿ ‘ಗ್ಯಾಪ್ ಕಮ್ಮಿ ಆಗಿದೆ’ ಅಂದರು. ದುರ್ಬೀನ್ ಆಪರೇಷನ್ ಮಾಡಿ ರೇಡಿಯೊ ತರಂಗ ಕೊಟ್ಟರೆ ಮೃದ್ವಸ್ಥಿ ಮತ್ತೆ ಬೆಳೀತದ ಅಂತ ಬೀಗರು ಹೇಳ್ತಾರ. ಮಾಡಿಸಬೇಕೇ?

ಉತ್ತರ: ಬೆಳೆಯುವುದಿಲ್ಲ. ಇದನ್ನು ಮೊದಲೇ ಹೇಳುತ್ತೇನೆ, ಏಕೆಂದರೆ ಆ ಆಸೆಗೇ ಜನ ಸಾಲ ಮಾಡಿ ಬರುತ್ತಾರೆ.

ಪಾಯಾ ಎಲುಬಿನ ತುದಿಗೆ ಬೆಳ್ಳಗೆ ನುಣ್ಣಗೆ ಅಂಟಿರುವ ಪದರ ನೋಡಿರುತ್ತೀರಿ. ಅದೇ ಮೃದ್ವಸ್ಥಿ. ಅದರಲ್ಲಿ ರಕ್ತನಾಳವಿಲ್ಲ, ಹಾಗಾಗಿ ಸವೆದರೆ ತಾನಾಗಿ ತುಂಬಿಕೊಳ್ಳುವುದು ತೀರಾ ಕಷ್ಟ. ದುರ್ಬೀನಿನಲ್ಲಿ, ಅಂದರೆ ಸಣ್ಣ ತೂತಿನಿಂದ ಕೀಲಿನೊಳಗೆ ಹಾಕುವ ಕ್ಯಾಮೆರಾ ಕೊಳವೆಯಲ್ಲಿ, ನೋಡಿದರೆ ಹಾಳಾದ ಜಾಗ ಹಳೆ ಟವೆಲಿನ ಅಂಚಿನಂತೆ ಎಳೆ ಬಿಟ್ಟಿರುತ್ತದೆ; ಆಗ ಕೀಲಿಗೆ ಹರಿಸುವ ಸಲೈನ್ (ಉಪ್ಪು) ನೀರಿನಲ್ಲಿ ಆ ಎಳೆಗಳು ತೂಗಾಡುತ್ತವೆ. ಪೆನ್ನಿನ ರೀಫಿಲ್‌ನಷ್ಟು ಸಣ್ಣ ಕಡ್ಡಿಯ ತುದಿಯಿಂದ ರೇಡಿಯೊ ತರಂಗ ಹಾಯಿಸಿದರೆ ಎಳೆ ಕರಗಿ ಮೇಲ್ಮೈ ನುಣುಪಾಗುತ್ತದೆ. ಅಷ್ಟೇ ಅದರ ಕೆಲಸ.

ಶಾಖವೇ ಅದರ ಬಲ, ಶಾಖವೇ ಅದರ ಅಪಾಯ. ಸುಮಾರು 50 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೃದ್ವಸ್ಥಿಯ ಜೀವಕೋಶಗಳು ಸಾಯತೊಡಗುತ್ತವೆ. ಕಡ್ಡಿ ಒಂದೇ ಕಡೆ ನಿಂತರೆ, ನೀರಿನ ಹರಿವು ಕಡಿಮೆಯಾದರೆ, ಅಂಚಿನ ಒಳ್ಳೆಯ ಭಾಗವೂ ಬೇಯುತ್ತದೆ. ಪಳಗಿದ ಕೈ ಬೇಕು ಎನ್ನುವುದು ಅದಕ್ಕೇ.

ಆಟದಲ್ಲಿ ಪೆಟ್ಟಾಗಿ ಒಂದೇ ಕಡೆ ಮೃದ್ವಸ್ಥಿ ಹರಿದ ಹುಡುಗನಿಗೆ, ಬೇರೆ ಕಾರಣಕ್ಕೆ ದುರ್ಬೀನ್ ಹಾಕಿದಾಗ, ಇದು ಉಪಯೋಗಕ್ಕೆ ಬರಬಹುದು. ನಿಮ್ಮ ತಾಯಿಯದು ಇಡೀ ಕೀಲಿನ ಸವಕಳಿ. 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಇಂಥ 180 ಜನರಲ್ಲಿ ಕೆಲವರಿಗೆ ದುರ್ಬೀನಿನಿಂದ ಕೀಲು ತೊಳೆದರು, ಕೆಲವರಿಗೆ ಕೆರೆದು ಸ್ವಚ್ಛ ಮಾಡಿದರು, ಉಳಿದವರಿಗೆ ಬರೀ ಚರ್ಮ ಕೊಯ್ದು ಹೊಲಿದರು. ನೋವು ಮೂರೂ ಗುಂಪಿನಲ್ಲಿ ಒಂದೇ ತೆರನಾಗಿತ್ತು. ಅವ್ವನಿಗೆ ಇದು ಬೇಡ ಎಂಬುದೇ ನನ್ನ ಸಲಹೆ.

ಸೂಜಿಯಿಂದ ಮೊಣಕಾಲಿನ ನರ ಸುಡುವ ಚಿಕಿತ್ಸೆಗೂ ರೇಡಿಯೊ ತರಂಗವೇ ಬಳಕೆ. ಬೀಗರು ಕೇಳಿದ್ದು ಅದೂ ಇರಬಹುದು. ಅದು ಕೆಲವರಿಗೆ ಕೆಲವು ತಿಂಗಳು ನೋವು ತಗ್ಗಿಸುತ್ತದೆ, ಸವಕಳಿಯನ್ನು ಮುಟ್ಟುವುದಿಲ್ಲ.

ಸದ್ಯಕ್ಕೆ ಕುಕ್ಕರಗಾಲಲ್ಲಿ ಕೂರುವುದು ಬಿಡಿಸಿ. ಮಂಚದ ಅಂಚಿಗೆ ಕೂತು ಒಂದೊಂದೇ ಕಾಲು ನೇರ ಚಾಚಿ, ಐದು ಎಣಿಸಿ ಇಳಿಸಲಿ; ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ. ನಿಂತು ತೆಗೆಸಿದ ಎಕ್ಸ್‌ರೇ ಇಲ್ಲದಿದ್ದರೆ ತೆಗೆಸಿ. ಕಾಲು ಬಾಗಿದ್ದರೆ, ರಾತ್ರಿ ನೋವಿಗೆ ನಿದ್ದೆಯೇ ಬಾರದಿದ್ದರೆ, ಕೀಲು ಬದಲಾವಣೆಯ ಮಾತನ್ನು ಎಲುಬು ತಜ್ಞರೊಂದಿಗೆ ಆಡಿ.